ಪಂಪ್ ಮಾಡಿದರೆ ಹಿಡೀತದೆ ಎನ್ನುವವರಿಗೆ

ಹಳೇ ಜೀಪು ಇಟ್ಟುಕೊಂಡಿರುವ ಮಲೆನಾಡಿನ, ಕೊಡಗಿನ ನನ್ನ ಅಣ್ಣತಮ್ಮಂದಿರೇ, ಈ ಮಾತು ನಿಮ್ಮ ಬಾಯಲ್ಲೂ ಬಂದಿರುತ್ತದೆ. ಬ್ರೇಕ್ ಒತ್ತಿದರೆ ಪೆಡಲ್ ತಳ ಮುಟ್ಟುತ್ತದೆ. ಎರಡು ಸಲ ಪಂಪ್ ಮಾಡಿದರೆ ಮೇಲೆ ಬಂದು ಹಿಡಿಯುತ್ತದೆ. ಪಕ್ಕದಲ್ಲಿ ಕೂತವರ ಮುಖ ಬಿಳಿಚಿದರೆ "ಏನಾಗಲ್ಲ ಮಾರಾಯ್ರೆ, ಪಂಪ್ ಮಾಡಿದ್ರೆ ಹಿಡೀತದೆ" ಎಂದು ನಗುತ್ತೀರಿ. ದಯವಿಟ್ಟು ನಗಬೇಡಿ. ಆ ಮಾತನ್ನು ನಂಬಿ ಕೂತಿದ್ದ ಹೆಣ್ಣುಮಗಳೊಬ್ಬಳ ಸೊಂಟ ಮುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಳೆದ ಜನವರಿಯ ಸಂಜೆ. ಕಾಫಿ ಹಣ್ಣು ಕೊಯ್ದು ಎಂಟು ಜನ ಹೆಂಗಸರು ತೋಟದ ಜೀಪಿನಲ್ಲಿ ಲೈನ್‌ಮನೆಗೆ ಹಿಂದಿರುಗುತ್ತಿದ್ದರು. ಕಲ್ಲೆದ್ದ ಇಳಿಜಾರು. ಅರ್ಧ ಇಳಿಯುವಷ್ಟರಲ್ಲಿ ಬ್ರೇಕ್ ಹೋಯಿತು. ಡ್ರೈವರ್ ಹುಡುಗ ಪಂಪ್ ಮಾಡಿದ, ಮತ್ತೆ ಮಾಡಿದ, ಅವತ್ತು ಅದು ಹಿಡಿಯಲಿಲ್ಲ. ಎಡಕ್ಕೆ ಕಣಿವೆ, ಬಲಕ್ಕೆ ಧರೆ. ಆತ ಧರೆಗೆ ಗುದ್ದಿಸಿ ಎಂಟು ಜೀವ ಉಳಿಸಿದ. ಆದರೆ ಹಿಂದಿನ ಅಡ್ಡ ಸೀಟಿನ ತುದಿಯಲ್ಲಿದ್ದವಳು ಇವತ್ತಿಗೂ ಕೋಲು ಹಿಡಿದು ನಡೆಯುತ್ತಾಳೆ. ಅವಳಿಗೆ ಇನ್ನು ಹಣ್ಣು ಕೊಯ್ಯಲಾಗುವುದಿಲ್ಲ. ಕೊಯ್ಯದಿದ್ದರೆ ಕೂಲಿಯಿಲ್ಲ.

ಮಾರನೇ ದಿನ ಚಕ್ರ ಬಿಚ್ಚಿ ನೋಡಲು ನಾನೂ ಹೋಗಿದ್ದೆ. ಹಿಂದಿನ ಎಡ ಚಕ್ರದ ಡ್ರಮ್ ಎಳೆದರೆ ಒಳಗೆ ಲೈನಿಂಗ್ ಬ್ರೇಕ್ ಆಯಿಲ್‌ನಲ್ಲಿ ನೆನೆದು ಕೂತಿತ್ತು. ವೀಲ್ ಸಿಲಿಂಡರಿನ ರಬ್ಬರ್ ಕಪ್ ಸೆಟೆದು ಸೀಳಿತ್ತು. ಒಂದು ಟ್ಯಾಂಕ್ ಡೀಸೆಲ್‌ನ ದುಡ್ಡಿನ ಮುಂದೆ ಆ ರಬ್ಬರಿನ ಬೆಲೆ ಏನೇನೂ ಅಲ್ಲ. ಅದಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಡ್ರೈವರ್ ಸೀಟಿನಡಿ ಸಿಕ್ಕ ಅರ್ಧ ಬಾಟಲಿ ಬ್ರೇಕ್ ಆಯಿಲ್. ವಾರವಾರ ಕಡಿಮೆಯಾದಷ್ಟನ್ನು ಸುರಿಯುತ್ತಿದ್ದರಂತೆ. "ಯಾವಾಗಿಂದ?" ಎಂದು ಕೇಳಿದೆ. "ಮಳೆಗಾಲದಿಂದ" ಅಂದರು.

ಮಳೆಗಾಲದಿಂದ! ಅಂದರೆ ಸೋರುತ್ತಿದೆ ಎಂದು ಆರು ತಿಂಗಳಿಂದ ಗೊತ್ತಿತ್ತು. ಗೊತ್ತಿದ್ದೂ ದಿನಾ ಜನರನ್ನು ಹತ್ತಿಸಿಕೊಂಡರು. ಹಳೇ ಗಾಡಿ ಕೆಡುವುದು ತಪ್ಪಲ್ಲ. ದುಡ್ಡಿಲ್ಲದೆ ರಿಪೇರಿ ತಡವಾದರೂ ಒಪ್ಪಬಹುದು, ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿದ್ದರೆ. ಸೋರುವುದನ್ನು ಕಂಡೂ ಮೇಲಿಂದ ಸುರಿದು ಓಡಿಸುವುದಿದೆಯಲ್ಲ, ಅದಕ್ಕೆ ನನ್ನಲ್ಲಿ ಕ್ಷಮೆಯಿಲ್ಲ.

ಬ್ರೇಕ್ ಆಯಿಲ್ ಡೀಸೆಲ್‌ನಂತೆ ಉರಿದು ಖಾಲಿಯಾಗುವ ವಸ್ತುವಲ್ಲ. ಲೈನಿಂಗ್ ಸವೆದಂತೆ ಮಟ್ಟ ಬಹಳ ನಿಧಾನಕ್ಕೆ ಸ್ವಲ್ಪ ಇಳಿಯಬಹುದು. ವಾರವಾರ ಇಳಿಯುತ್ತಿದೆಯೆಂದರೆ ಎಲ್ಲೋ ಸೋರುತ್ತಿದೆ, ಬೇರೆ ಅರ್ಥವೇ ಇಲ್ಲ. ಹಳೆಯ ಎಷ್ಟೋ ಜೀಪುಗಳಲ್ಲಿ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ, ನಾಲ್ಕೂ ಚಕ್ರಕ್ಕೆ ಅದೇ ಆಯಿಲ್. ಒಂದು ಚಕ್ರದ ರಬ್ಬರ್ ಕೈಕೊಟ್ಟರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ.

ಸೀಟಿನಡಿಯ ಆ ಬಾಟಲಿಯ ಕಥೆಯನ್ನೂ ಕೇಳಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ನೂರಕ್ಕೆ 3.7 ಪಾಲು ನೀರು ಸೇರಿದರೆ ಆ ಮಿತಿ 140ಕ್ಕೆ ಬೀಳುತ್ತದೆ. ಉದ್ದದ ಇಳಿಜಾರಿನಲ್ಲಿ ಡ್ರಮ್ ಕಾದು ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ, ಪೆಡಲ್ ಗಾಳಿಯನ್ನು ತುಳಿದಂತಾಗುತ್ತದೆ. ನಮ್ಮ ಮಳೆಯಲ್ಲಿ ಮುಚ್ಚಳ ಸಡಿಲವಿದ್ದ ಬಾಟಲಿ ಎಷ್ಟು ನೀರು ಕುಡಿದಿರುತ್ತದೆ, ನೀವೇ ಯೋಚಿಸಿ. ಅದನ್ನು ಸುರಿದು ಜೋಪಾನ ಮಾಡಿದೆವು ಅಂದುಕೊಳ್ಳುತ್ತೀರಿ.

ಹ್ಯಾಂಡ್‌ಬ್ರೇಕ್ ಇದೆಯಲ್ಲ ಎನ್ನುತ್ತೀರಾ? ಅದು ಹಿಡಿಯುವುದಾದರೆ ಗಾಡಿ ನಿಲ್ಲಿಸಿದಾಗಲೆಲ್ಲ ಚಕ್ರಕ್ಕೆ ಕಲ್ಲು ಯಾಕೆ ಕೊಡುತ್ತೀರಿ? ಫೋರ್‌ವೀಲ್ ಲೋ ಗೇರಿನಲ್ಲಿ ಇಂಜಿನ್ ಹಿಡಿತದ ಮೇಲೆ ಇಳಿಸುತ್ತೇವೆ ಎನ್ನುತ್ತೀರಾ? ನಿಮ್ಮಲ್ಲಿ ಕೆಲವರು ಮೈಲೇಜಿನ ಆಸೆಗೆ ಮುಂದಿನ ಶಾಫ್ಟ್ ಬಿಚ್ಚಿ ಮನೆಯ ಅಟ್ಟಕ್ಕೆ ಹಾಕಿದ್ದೀರಿ. ಕೆಲವರ ಫೋರ್‌ವೀಲ್ ಲಿವರ್ ವರ್ಷಗಟ್ಟಲೆ ಎಳೆಯದೆ ತುಕ್ಕು ಹಿಡಿದು ಕೂತಿದೆ. ಸೋರುವ ಚಕ್ರದ ಪೈಪನ್ನು ಇಕ್ಕಳದಲ್ಲಿ ಒತ್ತಿ ಮಡಿಚಿ ಮೂರೇ ಚಕ್ರದ ಬ್ರೇಕಿನಲ್ಲಿ ಓಡಿಸುವವರನ್ನು ಕಂಡಿದ್ದೇನೆ. ಬ್ರೇಕ್ ಆಯಿಲ್ ಸಿಗಲಿಲ್ಲವೆಂದು ಇಂಜಿನ್ ಆಯಿಲ್ ಸುರಿದವರನ್ನೂ ಕಂಡಿದ್ದೇನೆ. ಇಂಜಿನ್ ಆಯಿಲ್ ತಾಗಿದರೆ ಬ್ರೇಕಿನ ರಬ್ಬರ್ ಉಬ್ಬಿ ಹಾಳಾಗುತ್ತದೆ. ಇದಕ್ಕೆಲ್ಲ ನಾವು ಇಟ್ಟ ಹೆಸರು "ಸ್ವಂತ ರಿಪೇರಿ". ಸ್ವಂತ ರಿಪೇರಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

ನಾನೂ ಸ್ವಂತ ರಿಪೇರಿಯವನೇ. ಅಪ್ಪ ಬಿಟ್ಟುಹೋದ 1991ರ ಎಂಎಂ 540ರ ಅಡಿಯಲ್ಲಿ ಮಲಗಿ ಕ್ರಾಸಿಗೆ ಗ್ರೀಸ್ ಹೊಡೆಯುವುದು, ಹೌಸಿಂಗ್ ಆಯಿಲ್ ಬದಲಿಸುವುದು ನನಗೆ ಪ್ರೀತಿಯ ಕೆಲಸ. ಹೊಳೆ ದಾಟಿ ಬಂದ ಮೇಲೆ ಹೌಸಿಂಗಿನ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ ಎಂದು ಕಲಿಸಿದ್ದು ಈ ಗಾಡಿಯೇ. ನಮ್ಮ ಊರಿನ ದಾರಿಗೆ ಇಂಥ ಗಾಡಿಯೇ ಬೇಕು. ಬಸುರಿಯರನ್ನು ಆಸ್ಪತ್ರೆಗೆ ಒಯ್ದದ್ದು, ಅಡಿಕೆ ಮೂಟೆ ಪೇಟೆಗೆ ಹೊತ್ತದ್ದು ಇವೇ. ಗ್ಯಾರೇಜು ನಲವತ್ತು ಕಿಲೋಮೀಟರ್ ದೂರವಿರುವ ಕಡೆ ತನ್ನ ಕೈಯಲ್ಲಿ ಸ್ಪ್ಯಾನರ್ ಹಿಡಿಯದವನಿಗೆ ಜೀಪು ದಕ್ಕುವುದಿಲ್ಲ. ಹಾಗಾಗಿ ಬಿಚ್ಚಬೇಡಿ ಎಂದು ನಾನು ಹೇಳುತ್ತಿಲ್ಲ. ಬಿಚ್ಚಿ ಎಂದೇ ಬೇಡುತ್ತಿದ್ದೇನೆ. ಡ್ರಮ್ ಬಿಚ್ಚಿ, ಒಳಗೆ ಕಣ್ಣಿಟ್ಟು ನೋಡಿ.

ಮುಂದೆ ನಾಲ್ಕು ಫಾಗ್ ಲೈಟು, ಹಳ್ಳದಂಥ ಗೀರಿನ ಹೊಸ ಟೈರು, ಬಾನೆಟ್ಟಿನ ಮೇಲೆ ಸ್ಟಿಕ್ಕರು, ಇದಕ್ಕೆಲ್ಲ ನಮ್ಮಲ್ಲಿ ದುಡ್ಡಿದೆ. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ತಮ್ಮಂದಿರೇ, ನಿಮ್ಮಲ್ಲಿ ಜಾಗ್ರತೆಯಿಂದ ಓಡಿಸುವವರು ಇದ್ದೀರಿ, ನಿಮಗೆ ಕೈಮುಗಿಯುತ್ತೇನೆ. ಪಂಪ್ ಮಾಡಿಕೊಂಡು ಇಳಿಸುವವರಿಗೆ ಒಂದೇ ಪ್ರಶ್ನೆ: ಹಿಂದೆ ಕೂತ ಮಕ್ಕಳು ನಿಮ್ಮವೇ ಆಗಿದ್ದರೆ ಇಳಿಸುತ್ತಿದ್ದಿರಾ? ಎಫ್‌ಸಿ ಆಗಿದೆ ಎಂದು ಕಾಗದ ತೋರಿಸಬೇಡಿ. ರಬ್ಬರ್ ಕಾಗದ ನೋಡಿ ಸೀಳುವುದಿಲ್ಲ.

ಮಾಡಬೇಕಾದ್ದು ಹೆಚ್ಚಿಲ್ಲ. ಬ್ರೇಕ್ ಆಯಿಲ್ ಮಟ್ಟ ಇಳಿದರೆ ಸುರಿಯುವ ಮೊದಲು ನಾಲ್ಕೂ ಚಕ್ರದ ಒಳಮೈ ನೋಡಿ. ಮಳೆಗಾಲಕ್ಕೆ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಡ್ರಮ್ ಬಿಚ್ಚಿ. ಎರಡು ವರ್ಷಕ್ಕೊಮ್ಮೆ ಹಳೇ ಆಯಿಲ್ ಪೂರ್ತಿ ತೆಗೆದು ಸೀಲ್ ಒಡೆಯದ ಬಾಟಲಿಯದನ್ನೇ ಹಾಕಿ, ಮನೆಯವರೊಬ್ಬರನ್ನು ಪೆಡಲ್ ತುಳಿಯಲು ಕೂರಿಸಿ ಏರ್ ತೆಗೆಯಿರಿ. ಬರೀ ಜಾಕಿಯ ಮೇಲಿರುವ ಗಾಡಿಯ ಅಡಿಗೆ ಹೋಗಬೇಡಿ. ಕೈಯಲ್ಲಾಗದಿದ್ದರೆ ಮೆಕ್ಯಾನಿಕ್ಕನ್ನು ಮನೆಗೆ ಕರೆಸಿ, ಅಲ್ಲಿಯತನಕ ಬೀಗದ ಕೈ ಗೂಡಿನಲ್ಲಿರಲಿ.

ಜೀಪಿನಲ್ಲಿ ಕೂರುವ ಅಕ್ಕತಂಗಿಯರೇ, ನಿಮಗೂ ಒಂದು ಮಾತು. ಡ್ರೈವರ್ ಪೆಡಲನ್ನು ಎರಡೆರಡು ಸಲ ತುಳಿಯುವುದು ಕಂಡರೆ ಹತ್ತಬೇಡಿ. ಸಾಹುಕಾರರು ಏನಂದುಕೊಳ್ಳುತ್ತಾರೋ ಎಂದು ಅಂಜಬೇಡಿ. ನಡೆದು ಹೋದರೆ ಕತ್ತಲಾಗಬಹುದು, ಆದರೂ ನಡೆದೇ ಹೋಗಿ.

ಜೀಪು ಇಟ್ಟವರೇ, ಇವತ್ತು ಸಂಜೆ ಸೀಟಿನಡಿ ಕೈ ಹಾಕಿ. ಅರ್ಧ ಖಾಲಿಯಾದ ಬ್ರೇಕ್ ಆಯಿಲ್ ಬಾಟಲಿ ಸಿಕ್ಕಿತೋ, ನಾಳೆ ಬೆಳಿಗ್ಗೆ ಆ ಗಾಡಿ ಹೊರಡಿಸಬೇಡಿ.