ಕಮಲನಗರದಲ್ಲಿ ಮನೆ: ದರದ ಲೆಕ್ಕವೋ, ದಾರಿಯ ಲೆಕ್ಕವೋ?

ಔರಾದ್ ತಾಲ್ಲೂಕಿನ ಭಾಗವಾಗಿದ್ದ ಕಮಲನಗರ ಈಗ ಸ್ವತಃ ತಾಲ್ಲೂಕು ಕೇಂದ್ರ. 2017-18ನೇ ಸಾಲಿನ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪೈಕಿ ಬೀದರ್ ಜಿಲ್ಲೆಗೆ ದೊರೆತವು ಮೂರು: ಕಮಲನಗರ, ಚಿಟಗುಪ್ಪ ಮತ್ತು ಹುಲಸೂರು. 2018ರಲ್ಲಿ ಇವು ಅಸ್ತಿತ್ವಕ್ಕೆ ಬಂದವು. ಯಾವುದೇ ಊರು ತಾಲ್ಲೂಕು ಕೇಂದ್ರವಾದೊಡನೆ ಅಲ್ಲಿ ಮೊದಲು ಎದ್ದು ನಿಲ್ಲುವುದು ಕಚೇರಿಯ ಕಟ್ಟಡವಲ್ಲ, ನಿವೇಶನದ ಕಲ್ಲುಗಳು. ಹೊಲದ ಅಂಚಿನಲ್ಲಿ ಸುಣ್ಣ ಬಳಿದ ಕಲ್ಲು ನೆಟ್ಟು, ‘ತಹಶೀಲ್ದಾರ್ ಕಚೇರಿಗೆ ಹತ್ತಿರ’ ಎಂದು ಹೇಳಿ ಪ್ಲಾಟು ಮಾರುವುದು ರಾಜ್ಯದ ಎಲ್ಲ ಹೊಸ ತಾಲ್ಲೂಕುಗಳ ಕಥೆ.

ಇಂತಹ ಊರಿನಲ್ಲಿ ಮನೆ ಕೊಳ್ಳಲು ಹೊರಡುವವರು ಹೆಚ್ಚಾಗಿ ನಿತ್ಯ ಪ್ರಯಾಣಿಕರು. ಶಿಕ್ಷಕರು, ಕಂದಾಯ ಇಲಾಖೆಯ ನೌಕರರು, ಬ್ಯಾಂಕ್ ಸಿಬ್ಬಂದಿ, ಬೀದರ್ ಅಥವಾ ಉದಗೀರ್‌ನಲ್ಲಿ ವ್ಯಾಪಾರ ಇರುವವರು. ಇವರಲ್ಲಿ ಕೆಲವರು ಬೀದರ್‌ನಲ್ಲಿ ವಾಸವಾಗಿದ್ದು ಕಮಲನಗರಕ್ಕೆ ಬರುತ್ತಾರೆ; ಇನ್ನು ಕೆಲವರು ಕಮಲನಗರದಲ್ಲಿದ್ದು ಬೀದರ್‌ಗೆ ಹೋಗುತ್ತಾರೆ. ಇಬ್ಬರ ಮುಂದೆಯೂ ಇರುವ ಪ್ರಶ್ನೆ ಒಂದೇ. ಬೀದರ್, ಭಾಲ್ಕಿ, ಕಮಲನಗರ, ಗಡಿಯಾಚೆಯ ಉದಗೀರ್ ಎಂಬ ನಾಲ್ಕು ಊರುಗಳ ಸಾಲಿನಲ್ಲಿ ಮನೆ ಎಲ್ಲಿರಬೇಕು?

ಒಂದೇ ದಾರಿ, ನಾಲ್ಕು ಊರು

ನಿಜಾಮರ ಆಳ್ವಿಕೆಯ ಕಾಲದಲ್ಲಿ ಹಾಕಿದ ವಿಕಾರಾಬಾದ್-ಪರಳಿ ರೈಲು ಮಾರ್ಗವು ಈ ನಾಲ್ಕೂ ಊರುಗಳನ್ನು ಪೋಣಿಸಿದೆ. ಬೀದರ್, ಖಾನಾಪುರ, ಹಲಬರ್ಗಾ, ಭಾಲ್ಕಿ, ಕಮಲನಗರ, ಉದಗೀರ್ ಎಂಬ ಕ್ರಮದಲ್ಲಿ ನಿಲ್ದಾಣಗಳು ಬರುತ್ತವೆ. ರಸ್ತೆಯೂ ಬಹುತೇಕ ಅದೇ ದಿಕ್ಕಿನದು. ಬೀದರ್‌ನಿಂದ ಭಾಲ್ಕಿಗೆ ಸುಮಾರು 40 ಕಿ.ಮೀ., ಭಾಲ್ಕಿಯಿಂದ ಕಮಲನಗರಕ್ಕೆ ಸುಮಾರು 25 ಕಿ.ಮೀ., ಅಲ್ಲಿಂದ ಉದಗೀರ್‌ಗೆ ಸುಮಾರು 20 ಕಿ.ಮೀ. ಅಂದರೆ ಕಮಲನಗರದವರಿಗೆ ತಮ್ಮ ಜಿಲ್ಲಾ ಕೇಂದ್ರಕ್ಕಿಂತ ಮಹಾರಾಷ್ಟ್ರದ ಪೇಟೆಯೇ ಬಹಳ ಹತ್ತಿರ.

ಇದು ಆಕಸ್ಮಿಕವೇನಲ್ಲ. 1956ರ ನವೆಂಬರ್ 1ಕ್ಕೆ ಮುನ್ನ ಉದಗೀರ್ ಕೂಡ ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆಯಲ್ಲಿಯೇ ಇತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗಡಿರೇಖೆ ಬಂದಿತೇ ಹೊರತು ಸಂತೆ, ನೆಂಟಸ್ತಿಕೆ, ಆಸ್ಪತ್ರೆಯ ದಾರಿಗಳು ಬದಲಾಗಲಿಲ್ಲ. ಇಲ್ಲಿ ಮನೆ ಕೊಳ್ಳುವವರು ಭೂಪಟವನ್ನಷ್ಟೇ ಅಲ್ಲ, ತಮ್ಮ ಕುಟುಂಬ ವಾರದ ಏಳು ದಿನ ಯಾವ ದಿಕ್ಕಿಗೆ ಮುಖ ಮಾಡಿರುತ್ತದೆ ಎಂಬುದನ್ನೂ ನೋಡಬೇಕಾಗುತ್ತದೆ.

ಪೆಟ್ರೋಲಿನಲ್ಲಿ ಅಡಗಿದ ಸಾಲದ ಕಂತು

ಸಣ್ಣ ಊರಿನಲ್ಲಿ ನಿವೇಶನ ಅಗ್ಗ ಎಂಬ ವಾದ ಮೇಲ್ನೋಟಕ್ಕೆ ಸರಿ. ಆದರೆ ಆ ಅಗ್ಗದ ಬೆಲೆಯ ಪಕ್ಕದಲ್ಲಿ ಪ್ರಯಾಣದ ವೆಚ್ಚವನ್ನೂ ಬರೆದು ನೋಡಬೇಕು. ಕಮಲನಗರದಲ್ಲಿ ಮನೆ, ಬೀದರ್‌ನಲ್ಲಿ ಉದ್ಯೋಗ ಎಂದಿಟ್ಟುಕೊಳ್ಳೋಣ. ಹೋಗಿ ಬರಲು ದಿನಕ್ಕೆ 130 ಕಿ.ಮೀ. ತಿಂಗಳಿಗೆ 25 ಕೆಲಸದ ದಿನಗಳೆಂದರೆ 3,250 ಕಿ.ಮೀ. ಲೀಟರಿಗೆ 50 ಕಿ.ಮೀ. ಕೊಡುವ ಬೈಕು, ಲೆಕ್ಕದ ಅನುಕೂಲಕ್ಕೆ ಲೀಟರಿಗೆ 100 ರೂ. ಎಂದರೂ ಪೆಟ್ರೋಲಿಗೇ 6,500 ರೂ. ಬೇಕು. ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಗೃಹಸಾಲಕ್ಕೆ ಲಕ್ಷಕ್ಕೆ ಸುಮಾರು 868 ರೂ. ಮಾಸಿಕ ಕಂತು ಬರುತ್ತದೆ. ಹಾಗಾದರೆ 6,500 ರೂಪಾಯಿ ಎಂಬುದು ಸುಮಾರು ಏಳೂವರೆ ಲಕ್ಷ ರೂ. ಸಾಲದ ಕಂತು.

ಭಾಲ್ಕಿಯಲ್ಲಿ ಮನೆ ಮಾಡಿ ಬೀದರ್‌ಗೆ ಹೋಗಿ ಬರುವವರಿಗೆ ಇದೇ ಲೆಕ್ಕದಲ್ಲಿ ತಿಂಗಳಿಗೆ 4,000 ರೂ., ಅಂದರೆ ಸುಮಾರು 4.6 ಲಕ್ಷ ರೂ. ಸಾಲದ ಕಂತು. ಬೀದರ್‌ನ ಮನೆಗೂ ಕಮಲನಗರದ ಮನೆಗೂ ಇರುವ ಬೆಲೆಯ ಅಂತರ ಏಳೂವರೆ ಲಕ್ಷಕ್ಕಿಂತ ಕಡಿಮೆಯಿದ್ದರೆ, ಬೀದರ್‌ನಲ್ಲಿ ಕೆಲಸವಿರುವ ವ್ಯಕ್ತಿಗೆ ಕಮಲನಗರದ ಮನೆ ಅಗ್ಗವಲ್ಲ. ವಾಹನದ ಸವಕಳಿ ಮತ್ತು ಅಪಘಾತದ ಅಪಾಯ ಈ ಲೆಕ್ಕದಲ್ಲಿ ಸೇರಿಲ್ಲ.

ಬಸ್ಸಿನಲ್ಲಿ ಹೋಗುವವರ ಲೆಕ್ಕ ಬೇರೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ಈ ಭಾಗದ ಶಿಕ್ಷಕಿಯರು, ದಾದಿಯರು, ಕಚೇರಿ ನೌಕರಿಯ ಮಹಿಳೆಯರ ಪಾಲಿಗೆ ದೂರದ ಬೆಲೆ ಇಳಿದಂತಾಯಿತು. ಆದರೆ ಹಣ ಉಳಿದರೂ ಸಮಯ ಉಳಿಯುವುದಿಲ್ಲ. ಹೋಗಿ ಬರಲು ದಿನಕ್ಕೆ ಮೂರೂವರೆ ಗಂಟೆ ಎಂದರೂ ತಿಂಗಳಿಗೆ ಸುಮಾರು 87 ಗಂಟೆ. ಎಂಟು ಗಂಟೆಯ ಕೆಲಸದ ದಿನಗಳಾಗಿ ಎಣಿಸಿದರೆ ಹನ್ನೊಂದು ದಿನ. ಚಿಕ್ಕ ಮಕ್ಕಳು, ವಯಸ್ಸಾದ ತಂದೆ-ತಾಯಿ ಇರುವ ಮನೆಗೆ ಈ ಹನ್ನೊಂದು ದಿನಗಳ ಬೆಲೆ ಏನೆಂಬುದನ್ನು ಆಯಾ ಕುಟುಂಬವೇ ಹೇಳಬೇಕು.

ರೈಲಿದೆಯಲ್ಲ ಎನ್ನಬಹುದು. ನಿಲ್ದಾಣ ಇರುವುದು ಬೇರೆ, ಕಚೇರಿಯ ವೇಳೆಗೆ ಒದಗುವ ರೈಲು ಇರುವುದು ಬೇರೆ. ಮನೆಯ ಮುಂಗಡ ಕೊಡುವ ಮುನ್ನ ಸೋಮವಾರದಿಂದ ಶನಿವಾರದವರೆಗೆ ಒಂದು ವಾರ ಆ ದಾರಿಯಲ್ಲಿ ನಿಜವಾಗಿ ಓಡಾಡಿ ನೋಡುವುದು ಯಾವ ದಲ್ಲಾಳಿಯ ಮಾತಿಗಿಂತಲೂ ಹೆಚ್ಚು ನಂಬಿಕೆಗೆ ಅರ್ಹ. ಕೊನೆಯ ಬಸ್ಸು ತಪ್ಪಿದರೆ ಏನು ಗತಿ ಎಂಬುದೂ ಆಗ ತಿಳಿಯುತ್ತದೆ.

ನೆಲದ ಗುಣ

ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಕೆಂಪು ಪ್ರಸ್ಥಭೂಮಿಯ ಮೇಲೆ. ಭಾಲ್ಕಿ, ಕಮಲನಗರದ ಕಡೆ ಇಳಿದಂತೆ ಕಪ್ಪು ಎರೆಭೂಮಿ ಆರಂಭವಾಗುತ್ತದೆ. ತೊಗರಿ, ಸೋಯಾ, ಕಡಲೆಗೆ ಒಳ್ಳೆಯದಾದ ಈ ಮಣ್ಣು ಮನೆಯ ತಳಪಾಯಕ್ಕೆ ಒಳ್ಳೆಯದಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ; ಮೇಲ್ಮಟ್ಟದಲ್ಲಿ ತಳಪಾಯ ಹಾಕಿದ ಗೋಡೆಗಳೂ ಅದರೊಂದಿಗೆ ಬಿರುಕು ಬಿಡುತ್ತವೆ. ಎರೆಮಣ್ಣನ್ನು ಗಟ್ಟಿ ನೆಲ ಸಿಗುವವರೆಗೆ ತೆಗೆದು ಮುರುಮ್ ತುಂಬಬೇಕು, ಇಲ್ಲವೇ ಕಾಂಕ್ರೀಟ್ ಕಂಬಗಳ ತಳಪಾಯ ಹಾಕಬೇಕು. ಎರಡಕ್ಕೂ ಹೆಚ್ಚಿನ ಹಣ ಬೇಕು. ಕಟ್ಟಿದ ಮನೆ ಕೊಳ್ಳುವವರು ಹೊಸ ಬಣ್ಣವನ್ನಲ್ಲ, ಕಿಟಕಿಯ ಮೂಲೆಗಳನ್ನು ನೋಡಬೇಕು. ಓರೆಯಾದ ಬಿರುಕುಗಳು ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸಂಭವಿಸಿ ಸಾವಿರಾರು ಜನರನ್ನು ಬಲಿ ಪಡೆದ ಭೂಕಂಪದ ಕೇಂದ್ರ ಲಾತೂರ್ ಜಿಲ್ಲೆಯ ಕಿಲ್ಲಾರಿ. ಅದು ಕಮಲನಗರದಿಂದ ನೇರ ದೂರದಲ್ಲಿ 100 ಕಿ.ಮೀ. ಒಳಗೇ ಇದೆ. ಅಂದು ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಮತ್ತು ಅವುಗಳ ಮೇಲಿನ ಭಾರದ ಮಾಳಿಗೆಗಳು. ಈ ಪ್ರದೇಶದಲ್ಲಿ ಹಳೆಯ ಮನೆ ಕೊಳ್ಳುವವರಿಗೆ ಆ ಪಾಠ ಹಳೆಯದಾಗಬಾರದು. ಹಾಗೆಯೇ 2025ರ ಮಳೆಗಾಲದಲ್ಲಿ ಮಾಂಜ್ರಾ ನದಿ ಉಕ್ಕಿ ಜಿಲ್ಲೆಯ ಹೊಲಗಳೂ ಸೇತುವೆಗಳೂ ನೀರಿನಲ್ಲಿ ಮುಳುಗಿದವು. ಬಡಾವಣೆಯ ಪಕ್ಕದ ಹಳ್ಳ ಬೇಸಿಗೆಯಲ್ಲಿ ಒಣಗಿದ್ದರೆ ಅದನ್ನು ಹಳ್ಳವಲ್ಲವೆಂದು ಭಾವಿಸಲಾಗದು. ನಿವೇಶನವನ್ನು ನೋಡಬೇಕಾದ ತಿಂಗಳು ಮೇ ಅಲ್ಲ, ಆಗಸ್ಟ್.

ಕಾಗದದ ಜಾಡು

ಹಣ ಮುಳುಗುವುದು ನೀರಿಗಿಂತ ಹೆಚ್ಚಾಗಿ ಕಾಗದದಲ್ಲಿ. ಕೃಷಿ ಜಮೀನು ನಿವೇಶನವಾಗಬೇಕಾದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನನ್ವಯ ಭೂಪರಿವರ್ತನೆ ಆಗಿರಬೇಕು, ಬಡಾವಣೆಯ ನಕ್ಷೆಗೆ ಸಕ್ಷಮ ಪ್ರಾಧಿಕಾರದ ಅನುಮೋದನೆ ಇರಬೇಕು. ‘ಎನ್‌ಎ ಆಗಿದೆ’ ಎಂಬ ಒಂದೇ ಮಾತು ಸಾಲದು. ಪರಿವರ್ತನೆಯಾಗಿಯೂ ನಕ್ಷೆ ಮಂಜೂರಾಗದ ಬಡಾವಣೆಯಲ್ಲಿ ರಸ್ತೆ, ಚರಂಡಿ, ಉದ್ಯಾನದ ಜಾಗಕ್ಕೆ ಹೊಣೆಗಾರರಿರುವುದಿಲ್ಲ.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಯಾದರೆ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ಎ ಕೇಳಬೇಕು. 11ಬಿ ಎಂದರೆ ಅನುಮೋದನೆ ಇಲ್ಲದ ಆಸ್ತಿಯ ದಾಖಲೆ. ತೆರಿಗೆ ಕಟ್ಟಿದ ರಸೀದಿ ಇದೆ ಎಂದ ಮಾತ್ರಕ್ಕೆ ಅದು ಸಕ್ರಮವಾಗದು. ರೇರಾ ಕಾಯ್ದೆಯ ಬಗ್ಗೆಯೂ ತಪ್ಪು ಕಲ್ಪನೆಯಿದೆ. 500 ಚದರ ಮೀಟರ್ ಮೀರಿದ ಯೋಜನೆಗಳಿಗೆ ನೋಂದಣಿ ಕಡ್ಡಾಯವೆಂಬುದು ನಿಜವಾದರೂ, ಕಾಯ್ದೆಯ 3ನೇ ಕಲಮು ಹೇಳುವುದು ಯೋಜನಾ ಪ್ರದೇಶದೊಳಗಿನ ಯೋಜನೆಗಳ ಮಾತು. ಹಳ್ಳಿಯ ಅಂಚಿನ ಬಡಾವಣೆಗೆ ಆ ರಕ್ಷಣೆ ತಾನಾಗಿ ಒದಗುತ್ತದೆಂದು ನಂಬಿ ಕೂರುವಂತಿಲ್ಲ.

ಹೈದರಾಬಾದ್ ಸಂಸ್ಥಾನದಲ್ಲಿದ್ದ ಪ್ರದೇಶವಾದ್ದರಿಂದ ಇಲ್ಲಿನ ಹಳೆಯ ದಾಖಲೆಗಳು ಉರ್ದುವಿನಲ್ಲಿರುತ್ತವೆ. ಅವನ್ನು ಓದಬಲ್ಲವರಿಂದ ಓದಿಸದೆ ‘ಹಳೆಯದು, ಬಿಡಿ’ ಎಂದು ಬದಿಗಿಡುವುದು ಅಪಾಯ. ಪಹಣಿಯ 11ನೇ ಕಾಲಂನಲ್ಲಿ ಸಾಲ, ಋಣ, ಇತರ ಹಕ್ಕುಗಳು ನಮೂದಾಗಿರುತ್ತವೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ಸಿಂಧುವಲ್ಲ. 2023ರ ತಿದ್ದುಪಡಿಯ ನಂತರ ಅಂಥ ಜಮೀನನ್ನು ಮರಳಿ ಕೇಳಲು ಕಾಲಮಿತಿಯೂ ಇಲ್ಲ. ಬೀದರ್ ನಗರದಲ್ಲಿಯೇ ಕೊಳ್ಳುವವರಿಗೆ ಬೇರೊಂದು ತೊಡಕಿದೆ. ಕೇಂದ್ರ ಸರ್ಕಾರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಬಹಮನಿ, ಬರೀದ್‌ಶಾಹಿ ಸ್ಮಾರಕಗಳು ಊರ ತುಂಬ ಇರುವ ನಗರದಲ್ಲಿ ಇದು ಸಣ್ಣ ಮಾತಲ್ಲ.

ಗಡಿ ದಾಟಿದರೆ?

ಉದಗೀರ್‌ನಲ್ಲಿಯೇ ಮನೆ ಮಾಡಿ ಕಮಲನಗರದ ಕಚೇರಿಗೆ ಬರುವ ಆಯ್ಕೆಯೂ ಇದೆ. ದೊಡ್ಡ ಪೇಟೆ, ಆಸ್ಪತ್ರೆಗಳು ಹತ್ತಿರ. ಆದರೆ ಮಕ್ಕಳಿರುವವರು ಎರಡು ಸಂಗತಿಗಳನ್ನು ತೂಗಬೇಕು. ವೃತ್ತಿಶಿಕ್ಷಣದ ಸಿಇಟಿ ಸೀಟುಗಳಿಗೆ ಅರ್ಹತೆಯ ಮುಖ್ಯ ಮಾರ್ಗವೆಂದರೆ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರುವುದು. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ಇತರೆಡೆ ಶೇ 8 ಸೀಟುಗಳು ಸ್ಥಳೀಯರಿಗೆ ಮೀಸಲು. ಅದಕ್ಕೆ ಉಪವಿಭಾಗಾಧಿಕಾರಿ ನೀಡುವ ಪ್ರಮಾಣಪತ್ರ ಬೇಕು. ಮನೆ ಕೊಂಡು, ಮಗುವನ್ನು ಗಡಿಯಾಚೆಯ ಶಾಲೆಗೆ ಸೇರಿಸಿ, ಹತ್ತು ವರ್ಷಗಳ ನಂತರ ಈ ನಿಯಮಗಳನ್ನು ಓದುವುದಕ್ಕಿಂತ ಕೊಳ್ಳುವ ಮುನ್ನವೇ ಓದುವುದು ಲೇಸು. ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ನೆಲವಿದು. ಶಾಲೆಯ ಪ್ರಶ್ನೆ ಇಲ್ಲಿ ಎಂದೂ ಕೇವಲ ಅನುಕೂಲದ ಪ್ರಶ್ನೆಯಾಗಿರಲಿಲ್ಲ.

ಯಾರಿಗೆ ಯಾವ ಊರು

ವರ್ಗಾವಣೆಯಾಗುವ ನೌಕರರು ಒಂದು ಹುದ್ದೆಯನ್ನು ನಂಬಿ ಮನೆ ಕೊಳ್ಳುವುದು ಸರಿಯಲ್ಲ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 30 ಲಕ್ಷ ರೂ. ಮನೆಗೆ ಎರಡೂಕಾಲು ಲಕ್ಷಕ್ಕೂ ಹೆಚ್ಚು ಖರ್ಚು ಬರುತ್ತದೆ. ಮೂರು ವರ್ಷಕ್ಕೆ ವರ್ಗವಾಗಿ ಮನೆ ಮಾರಿದರೆ ಆ ಹಣ ಹೋದಂತೆಯೇ. ಇಂಥವರಿಗೆ ಕಮಲನಗರದಲ್ಲಿ ಬಾಡಿಗೆ, ಕೊಳ್ಳುವುದಾದರೆ ಭಾಲ್ಕಿ ಎಂಬುದು ವಿವೇಕದ ದಾರಿ. ಭಾಲ್ಕಿಯಲ್ಲಿ ಪುರಸಭೆಯಿದೆ, ಎಂಜಿನಿಯರಿಂಗ್ ಕಾಲೇಜಿನವರೆಗೆ ಶಿಕ್ಷಣ ಸಂಸ್ಥೆಗಳಿವೆ; ಅಲ್ಲಿಂದ ಬೀದರ್‌ಗೂ ಕಮಲನಗರಕ್ಕೂ ಹೋಗಿ ಬರಬಹುದು. ಗಂಡ-ಹೆಂಡತಿ ಎರಡು ದಿಕ್ಕಿನಲ್ಲಿ ದುಡಿಯುವ ಮನೆಗಳಿಗೂ ಇದು ಹೊಂದುತ್ತದೆ. ಬೀದರ್‌ನಲ್ಲಿಯೇ ಉದ್ಯೋಗವಿದ್ದು, ಬ್ರಿಮ್ಸ್ ಆಸ್ಪತ್ರೆಯ ಆಸರೆ ಪದೇ ಪದೇ ಬೇಕಾಗುವ ಹಿರಿಯರಿರುವ ಕುಟುಂಬ ಚಿಕ್ಕದಾದರೂ ಬೀದರ್‌ನ ಮನೆಯನ್ನೇ ನೋಡಬೇಕು. ಕಮಲನಗರದ ಮನೆ ಅಲ್ಲಿಯೇ ಅಂಗಡಿ, ಹೊಲ, ಸ್ಥಿರ ಉದ್ಯೋಗ ಇರುವವರದ್ದು.

ಇಲ್ಲಿ ಸರ್ಕಾರದ ಪಾಲೂ ಇದೆ. ತಾಲ್ಲೂಕು ಕೇಂದ್ರದ ನೌಕರರು ಸಂಜೆಯ ಬಸ್ಸು ಹಿಡಿದು ಬೇರೆ ಊರಿಗೆ ಹೊರಡುವವರೆಗೆ ಆ ಊರಿನಲ್ಲಿ ಒಳ್ಳೆಯ ಶಾಲೆಗೂ, ರಾತ್ರಿ ತೆರೆದಿರುವ ಔಷಧದಂಗಡಿಗೂ ಗಿರಾಕಿಗಳು ಹುಟ್ಟುವುದಿಲ್ಲ. ಅವು ಇಲ್ಲವೆಂದು ನೌಕರರು ಅಲ್ಲಿ ನೆಲೆಸುವುದಿಲ್ಲ. ಈ ಸುತ್ತು ಮುರಿಯಬೇಕಾದವರು ಸಾಲ ಮಾಡಿ ಮನೆ ಕೊಳ್ಳುವ ಶಿಕ್ಷಕರಲ್ಲ. ನೌಕರರ ವಸತಿಗೃಹ, ಅನುಮೋದಿತ ಬಡಾವಣೆ, ಖಾತ್ರಿಯ ಕುಡಿಯುವ ನೀರು, ಕಚೇರಿ ವೇಳೆಗೆ ಬೀದರ್-ಉದಗೀರ್ ನಡುವೆ ರೈಲು ಇವಿಷ್ಟನ್ನು ಒದಗಿಸಿದರೆ ಕಮಲನಗರದಲ್ಲಿ ಮನೆ ಕೊಳ್ಳಿರೆಂದು ಯಾರೂ ಜಾಹೀರಾತು ಹಾಕಬೇಕಾಗಿಲ್ಲ. ಅಲ್ಲಿಯವರೆಗೆ ಕೊಳ್ಳುವವರು ದರದ ಚೀಟಿಯ ಜತೆಗೆ ಬಸ್ಸಿನ ವೇಳಾಪಟ್ಟಿ, ಪಹಣಿ ಮತ್ತು ಮಣ್ಣಿನ ಮುಷ್ಟಿಯನ್ನೂ ಮುಂದಿಟ್ಟುಕೊಂಡೇ ತೀರ್ಮಾನ ಮಾಡಬೇಕು.