ಗೃಹಪ್ರವೇಶದ ಅತಿಭಾರ

ಆಷಾಢ ಬರುವ ಮುನ್ನ ಗೃಹಪ್ರವೇಶ ಮುಗಿಯಬೇಕೆಂಬ ತವಕ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹೊಸ ಬಡಾವಣೆಗಳಿಗೆ ಹೊಸತಲ್ಲ. ಮುಹೂರ್ತ ನಿಶ್ಚಯವಾಗಿರುತ್ತದೆ, ಆಮಂತ್ರಣ ಪತ್ರಿಕೆ ಅಚ್ಚಾಗಿರುತ್ತದೆ. ಗೋಡೆಯ ಗಾರೆ ಮಾತ್ರ ಇನ್ನೂ ಒಣಗಿರುವುದಿಲ್ಲ. ಆಗ ವೈರಿಂಗ್ ಮಾಡುವವರು, ಟೈಲ್ಸ್ ಹಾಕುವವರು, ಬಡಗಿ, ಬಣ್ಣ ಬಳಿಯುವವರು ಎಲ್ಲರೂ ಒಂದೇ ಕೋಣೆಯಲ್ಲಿ ಒಬ್ಬರ ಕಾಲಿಗೊಬ್ಬರು ಅಡ್ಡ ಬರುತ್ತ ನಡುರಾತ್ರಿಯವರೆಗೆ ದುಡಿಯಬೇಕಾಗುತ್ತದೆ. ಯಜಮಾನನಿಗೆ ಇದು ವ್ಯವಹಾರದ ಮಾತಾಗಿ ತೋರಬಹುದು. ಶ್ರಾವಕನಿಗೆ ಇದು ವ್ರತದ ಮಾತು.

ಮನೆ ಕಟ್ಟುವುದನ್ನು ಜೈನಧರ್ಮ ಗೃಹಸ್ಥನಿಗೆ ನಿಷೇಧಿಸಿಲ್ಲ. ಗೃಹಕೃತ್ಯಗಳಲ್ಲಿ ಒದಗುವ ಹಿಂಸೆಯನ್ನು ಆರಂಭೀ ಹಿಂಸೆಯೆಂದು ಬೇರೆಯಾಗಿ ಗುರುತಿಸಿ, ಅದನ್ನು ಯತ್ನಾಚಾರದಿಂದ ತಗ್ಗಿಸಬೇಕೆಂದು ವಿಧಿಸಿದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಕೊನೆಯ ಎರಡು ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಶಕ್ತಿಗೆ ಮೀರಿದ ಹೊರೆ ಹೊರಿಸುವುದು, ಹೊತ್ತಿಗೆ ಸಲ್ಲಬೇಕಾದ ಅನ್ನ-ನೀರನ್ನು ತಡೆಯುವುದು. ಇವನ್ನು ಎತ್ತು-ಕತ್ತೆಗಳಿಗೆ ಸಂಬಂಧಿಸಿದ ಮಾತೆಂದು ಓದಿ ಮುಂದೆ ಸಾಗುವುದುಂಟು. ಎತ್ತಿನ ಗಾಡಿಗಳೇ ವಿರಳವಾದ ಕಾಲದಲ್ಲಿ ಇದು ಬಹಳ ಅನುಕೂಲದ ಓದು! ಎರಡನೆಯ ಮಹಡಿಗೆ ಟೈಲ್ಸ್ ಪೆಟ್ಟಿಗೆ ಹೊರುವ ಹೆಗಲು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಅದೆಲ್ಲ ಕಂಟ್ರಾಕ್ಟರ್ ನೋಡಿಕೊಳ್ಳುವ ವಿಷಯವೆಂಬ ಸಮಾಧಾನ ಶಾಸ್ತ್ರದ ಮುಂದೆ ನಿಲ್ಲದು. ಅದೇ ಗ್ರಂಥದ ಆರನೆಯ ಅಧ್ಯಾಯವು ಸಂರಂಭ, ಸಮಾರಂಭ, ಆರಂಭಗಳನ್ನು ಮನೋವಚನಕಾಯಗಳಿಂದಲೂ, ಕೃತ, ಕಾರಿತ, ಅನುಮೋದಿತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸುತ್ತದೆ. ಹೀಗೆ 108 ಭೇದಗಳಾಗುತ್ತವೆ. ಯಜಮಾನ ಕರಣೆ ಹಿಡಿದಿರುವುದಿಲ್ಲ, ನಿಜ. ಮಾಡಿಸಿದವನು ಅವನೇ, ಮೆಚ್ಚಿದವನೂ ಅವನೇ. ಗೃಹಕಾರ್ಯಗಳಿಗೆ ಅನುಮತಿ ಕೊಡುವುದನ್ನೂ ತ್ಯಜಿಸುವುದು ಶ್ರಾವಕನ ಹತ್ತನೆಯ ಪ್ರತಿಮೆ. ಅಲ್ಲಿಗೆ ಏರದವನು ತಾನು ಬರಿಯ ಹಣ ಕೊಟ್ಟವನೆಂದು ಹೇಳಿಕೊಳ್ಳುವಂತಿಲ್ಲ.

ಆದ್ದರಿಂದ ಉಳಿದ ಕೆಲಸಗಳ ಕ್ರಮ ಮೊದಲು ಗೊತ್ತಾಗಬೇಕು, ಮುಹೂರ್ತ ಆಮೇಲೆ. ಗೋಡೆಯೊಳಗಿನ ಕೊಳವೆಗಳು ಗಾರೆಗೆ ಮೊದಲು, ಬಚ್ಚಲಿನ ಸೋರಿಕೆಯ ಪರೀಕ್ಷೆ ಟೈಲ್ಸ್‌ಗೆ ಮೊದಲು, ಬಣ್ಣದ ಕೊನೆಯ ಕೋಟು ನೆಲ ಮತ್ತು ಮರದ ಕೆಲಸ ಮುಗಿದ ಮೇಲೆ. ಹಸಿ ಗಾರೆಗೆ ಬಳಿದ ಬಣ್ಣ ಉಬ್ಬಿ ಉದುರಿದರೆ ಕೆರೆದು ಮತ್ತೆ ಬಳಿಯಬೇಕು. ಅದು ಮತ್ತೊಂದು ಆರಂಭ. ಕ್ಯೂರಿಂಗಿಗೆಂದು ತುಂಬಿಸಿ ಮರೆತ ಡ್ರಮ್ಮಿನ ನೀರಿನಲ್ಲಿ ವಾರ ಕಳೆಯುವಷ್ಟರಲ್ಲಿ ಸೊಳ್ಳೆಯ ಮರಿಗಳಾಡುತ್ತವೆ. ಗೃಹಪ್ರವೇಶದ ಹಿಂದಿನ ದಿನ ಅಂಗಳ ಚೊಕ್ಕಟ ಮಾಡುವವರು ಅದನ್ನು ಬಿಸಿಲಿಗೆ ಚೆಲ್ಲುತ್ತಾರೆ. ನೀರನ್ನು ಸೋಸಿ ಕುಡಿಯುವ ಮನೆತನ ಇದನ್ನು ಗಮನಿಸದಿರುವುದು ವಿಚಿತ್ರ. ಡ್ರಮ್ಮನ್ನು ಮುಚ್ಚಿಡುವುದಕ್ಕೆ, ಕೆಲಸ ತೀರಿದೊಡನೆ ಬೋರಲು ಹಾಕುವುದಕ್ಕೆ ಖರ್ಚೇನೂ ಇಲ್ಲ. ಬಾಗಿಲಿಗೆ ಬಳಿಯುವ ಅರಗಿನ ಪಾಲಿಶ್ ಕೂಡ, ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅರಗಿನಂತೆ, ಕೀಟದ ಸ್ರಾವದಿಂದಾದುದು. ಅರಗಿನ ವ್ಯಾಪಾರವನ್ನು ಶ್ರಾವಕನಿಗೆ ವರ್ಜ್ಯವಾದ ವೃತ್ತಿಗಳಲ್ಲಿ ಎಣಿಸಿರುವುದನ್ನು ಬಡಗಿ ಬರುವ ಮೊದಲೇ ನೆನೆದರೆ ಬೇರೆಯದನ್ನು ಆರಿಸಲು ಸಮಯವಿರುತ್ತದೆ.

ಕ್ರಮ ಕೆಡುವುದು ಬಹುಮಟ್ಟಿಗೆ ಯಜಮಾನನ ಕಣ್ಣಿನಿಂದ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಲೋಭದ ಜೊತೆಗೆ ವಿಸ್ಮಯವನ್ನೂ ಸೇರಿಸಿದ್ದಾರೆ. ಪರರ ಸಂಪತ್ತನ್ನು ಕಂಡು ಬೆರಗಾಗುವುದೂ ದೋಷವೇ. ನೆಂಟರ ಮನೆಯ ಗ್ರಾನೈಟ್ ನೋಡಿ ಬಂದವನು ಹಾಕಿದ ನೆಲವನ್ನು ಕೀಳಿಸುತ್ತಾನೆ. ಹಾಗೆ ಕಳೆದ ಹತ್ತು ದಿನಗಳನ್ನು ಕೊನೆಗೆ ಬಣ್ಣದವರ ನಿದ್ದೆಯಿಂದ ವಸೂಲು ಮಾಡಲಾಗುತ್ತದೆ.

ಇನ್ನು ಅನ್ನಪಾನನಿರೋಧ. ದೋಷ ಸರಿಪಡಿಸುವವರೆಗೆ ಗುತ್ತಿಗೆಯ ಕೊನೆಯ ಕಂತನ್ನು ಹಿಡಿದಿಡುವುದು ನ್ಯಾಯವಾದುದೇ. ಗೃಹಪ್ರವೇಶದ ಖರ್ಚು ಮೈಮೇಲಿದೆಯೆಂದು ದಿನಗೂಲಿಯವರ ಶನಿವಾರದ ಬಟವಾಡೆಯನ್ನು ಮುಂದಿನ ವಾರಕ್ಕೆ ತಳ್ಳುವುದು ಬೇರೆ. ಅಲ್ಲಿ ತಡೆದದ್ದು ಒಂದು ಮನೆಯ ಅಕ್ಕಿ-ರಾಗಿಯನ್ನು. ಗಾರೆಯವರಿಗೂ ಬಡಗಿಗೂ ಬಟ್ಟೆ ಕೊಟ್ಟು ಗೌರವಿಸುವ ಒಳ್ಳೆಯ ವಾಡಿಕೆ ಈ ನಾಡಿನಲ್ಲಿದೆ. ಆ ಬಟ್ಟೆ ಕೊಳ್ಳಲು ಹೋಗುವ ಮೊದಲು ಮೇಸ್ತ್ರಿಯ ಲೆಕ್ಕದ ಪುಸ್ತಕ ತೆರೆಸಿ, ಯಾರ ಬಾಕಿ ಎಷ್ಟೆಂದು ನೋಡಿ ಚುಕ್ತಾ ಮಾಡುವುದು ಮುಹೂರ್ತದ ಹಿಂದಿನ ಶನಿವಾರದ ಕೆಲಸ.