ವಾಚು, ಜಾವ, ಪಹರೆ

ಯಲಬುರ್ಗಾದ ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ಸಿಗಾಗಿ ಕಾದಿರುವ ತರುಣನು ಮಣಿಕಟ್ಟನ್ನು ನೋಡಿಕೊಂಡು, “ಇನ್ನೂ ಒಂದ್ ತಾಸ್ ಐತಿ” ಎನ್ನುತ್ತಾನೆ. ಕೈಯಲ್ಲಿರುವುದು ವಾಚು, ಹೊರಟಿರುವುದು ವಾಚ್‌ಮನ್ ಕೆಲಸಕ್ಕೆ. ಒಂದೇ ಮಾತು ಯಂತ್ರಕ್ಕೂ ಮನುಷ್ಯನಿಗೂ ಹೇಗೆ ಸಲ್ಲುತ್ತದೆಂಬುದು ಅವನನ್ನು ಕಾಡದಿರಬಹುದು. ಆದರೆ ಆ ಮಾತಿನ ಕಥೆ ಸ್ವಾರಸ್ಯವಾದುದು.

ಇಂಗ್ಲಿಷಿನ ವಾಚ್, ‘ಎಚ್ಚರವಾಗು’ ಎಂಬರ್ಥದ ವೇಕ್ ಎಂಬುದರ ಒಡಹುಟ್ಟು. ಎಚ್ಚರವಿದ್ದವನು ಕಾಯುತ್ತಾನೆ, ಕಾಯುವವನು ನೋಡುತ್ತಾನೆ. ಹೀಗೆ ಕಾವಲೂ ನೋಟವೂ ಆ ಮಾತಿನೊಳಗೆ ಬಂದವು. ಇರುಳನ್ನು ಕಾವಲುಗಾರರಿಗೆ ಹಂಚಿಕೊಟ್ಟಾಗ ಒಂದೊಂದು ಸರದಿಯ ಅವಧಿಯೂ ವಾಚ್ ಎನಿಸಿತು. ಹಡಗುಗಳಲ್ಲಿ ನಾಲ್ಕು ಗಂಟೆಯ ಸರದಿಗೆ ಇಂದಿಗೂ ಅದೇ ಹೆಸರು. ಹೊತ್ತು ತೋರುವ ಯಂತ್ರ ಆ ಹೆಸರನ್ನು ಪಡೆದದ್ದು ಕಡೆಗೆ.

ಭಾರತದಲ್ಲಿ ಮಾತು ಎದುರು ದಿಕ್ಕಿನಿಂದ ನಡೆದುಬಂದಿದೆ. ದಿನಕ್ಕೆ ಎಂಟು ಜಾವ. ಒಂದೊಂದು ಮೂರು ಗಂಟೆಯದು. ಜಾವವೆಂದರೆ ಸಂಸ್ಕೃತದ ಯಾಮ; ಅದರಿಂದಲೇ ಇರುಳು ಕಾಯುವವನಿಗೆ ಯಾಮಿಕನೆಂಬ ಹೆಸರು. ಪ್ರಹರವೂ ಅಷ್ಟೇ ಅವಧಿ. ‘ಪಹರೆ’ ಹುಟ್ಟಿದ್ದು ಅದರಿಂದ. ಅಲ್ಲಿ ಮನುಷ್ಯನು ಕಾಲಕ್ಕೆ ಹೆಸರು ಕೊಟ್ಟರೆ, ಇಲ್ಲಿ ಕಾಲವೇ ಮನುಷ್ಯನಿಗೆ ಹೆಸರು ಕೊಟ್ಟಿತು. 1790ರಲ್ಲಿ ಆಂಗ್ಲರೂ ನಿಜಾಮನ ಸೈನ್ಯವೂ ಟೀಪುವಿನ ಕೊಪ್ಪಳ ಕೋಟೆಯನ್ನು ಮುತ್ತಿದಾಗ, ಬುರುಜಿನ ಮೇಲಿದ್ದವನಿಗೂ ಕೆಳಗಿನ ಡೇರೆಯವನಿಗೂ ನಿದ್ದೆಗೇಡು ಒಂದೇ. ಹೆಸರು ಮಾತ್ರ ಬೇರೆ.

ಇನ್ನು ತಾಸು. ಗಂಗಾವತಿ, ಕುಷ್ಟಗಿಗಳಲ್ಲಿ ಗಂಟೆಯ ಲೆಕ್ಕಕ್ಕೆ ಬಳಸುವ ಈ ಮಾತಿನ ಮೂಲ ಪಾರಸಿಯ ತಾಸ್, ಅಂದರೆ ಬಟ್ಟಲು. ತಳದಲ್ಲಿ ಸಣ್ಣ ತೂತುಳ್ಳ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಅದು ತುಂಬಿ ಮುಳುಗುವಷ್ಟು ಹೊತ್ತು ಒಂದು ಗಳಿಗೆ, 24 ನಿಮಿಷ. ಗಳಿಗೆಯೆಂದರೂ ಘಟಿಕೆ, ಪುಟ್ಟ ಕೊಡವೇ. (ಮೈಸೂರಿನ ಕಡೆಯವರ ‘ಗಂಟೆ’ ಬಾರಿಸುವ ಗಂಟೆಯಿಂದ ಬಂದದ್ದು, ಇಂಗ್ಲಿಷಿನ ಕ್ಲಾಕ್ ಎಂಬುದಕ್ಕೂ ಮೂಲ ಅದೇ ಅರ್ಥ.) ಮುಳುಗಿದ ಬಟ್ಟಲನ್ನು ಮೇಲೆತ್ತಿ ಮತ್ತೆ ತೇಲಿಬಿಡಲು ಒಬ್ಬನು ಎಚ್ಚರವಾಗಿರಲೇಬೇಕಿತ್ತು. ಅವನು ತೂಕಡಿಸಿದರೆ ಊರಿನ ಹೊತ್ತೇ ತಪ್ಪುತ್ತಿತ್ತು!

ಕೀಲಿಯ ಗಡಿಯಾರ ಆ ಒಬ್ಬನಿಗೆ ಬಿಡುವು ಕೊಟ್ಟಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಎಚ್.ಎಂ.ಟಿ. ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿದ ಮೇಲೆ ಸಾಮಾನ್ಯರ ಕೈಗೂ ವಾಚು ಬಂತು. ಮದುವೆಯಲ್ಲಿ ಅಳಿಯನಿಗೆ ಸಲ್ಲುವ ಮರ್ಯಾದೆಯಾಯಿತು. 2016ರಲ್ಲಿ ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರಕಾರ ನಿರ್ಧರಿಸಿತು. ಹೊತ್ತು ಈಗ ಮೊಬೈಲಿನಲ್ಲಿದೆ. ಆದರೆ ಕಾವಲಿಗೆ ಬಿಡುವು ಕೊಡುವ ಕೀಲಿ ಇನ್ನೂ ಸಿಕ್ಕಿಲ್ಲ.

ಯಲಬುರ್ಗಾದ ತರುಣನು ಬೆಂಗಳೂರಿನ ಬಹುಮಹಡಿ ಕಟ್ಟಡದ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದಾನೆ. ಒಳಗೆ ಎಲ್ಲರೂ ನಿದ್ರಿಸುತ್ತಿದ್ದಾರೆ. ನಾಲ್ಕನೆಯ ಜಾವದಲ್ಲಿ ಊರಿನಿಂದ ತಾಯಿಯ ಫೋನು; ರೊಟ್ಟಿ ತಟ್ಟಲು ಎದ್ದಿದ್ದಾಳೆ.

“ಮಲಗಿಲ್ಲೇನೋ ಯಪ್ಪಾ?”

“ಇನ್ನ ಎರಡು ತಾಸು, ಯವ್ವಾ. ಬದಲಿಯಾಂವ ಬರಬೇಕು.”